ಟೆರೇಸಿನ ಮೇಲೆ ಸಿಕ್ಕ ಜಾಯಿಂಟು

ಶೆಟ್ಟಿಹಳ್ಳಿಯ ಬಾಡಿಗೆ ಮನೆಯಲ್ಲಿದ್ದಾಗ ನಾನು ಕನ್ನಡ ಟೈಪಿಂಗ್ ಮಾಡಿಕೊಡುತ್ತಿದ್ದೆ. ಹೆಚ್ಚಾಗಿ ಕಾಲೇಜಿನವರ ಪ್ರಬಂಧಗಳು. ಟೈಪಾದ ಪುಟಗಳನ್ನು ಇಮೇಲಿನಲ್ಲಿ ಕಳಿಸಬೇಕಿತ್ತು. ಅದಕ್ಕೆಂದೇ ಟಿವಿ ಕೇಬಲ್‌ನವನಿಂದ ಇಂಟರ್‌ನೆಟ್ಟೂ ಹಾಕಿಸಿಕೊಂಡಿದ್ದೆವು. ಟೆರೇಸಿನಿಂದ ಇಳಿದ ಕಪ್ಪು ವೈರು ಮೋಡೆಮ್ ಎಂಬ ಸಣ್ಣ ಡಬ್ಬಿಗೆ, ಅಲ್ಲಿಂದ ಕಂಪ್ಯೂಟರಿಗೆ. ಡಬ್ಬಿಯ ಹಸಿರು ದೀಪ ಒಂದೇ ಸಮ ಉರಿದರೆ ಸಿಗ್ನಲ್ ಇದೆ, ಮಿಣುಕಿದರೆ ಇಲ್ಲ.

ಮಳೆಗಾಲ ಹಿಡಿದ ಮೇಲೆ ಅದು ಮಿಣುಕುತ್ತಲೇ ಹೋಯಿತು. ಫೋನ್ ಮಾಡಿದರೆ ಕೇಬಲ್‌ನವನದು ಒಂದೇ ಮಾತು.

"ಆಫ್ ಮಾಡಿ ಆನ್ ಮಾಡಿ ಮೇಡಂ."

"ಹತ್ತು ಸಲ ಮಾಡಿದೀನಿ."

"ಸಾರ್ ಇದಾರಾ? ಸಾರ್‌ಗೆ ಕೊಡಿ."

ಸಾರ್ ಅಂದರೆ ನನ್ನ ಗಂಡ. ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಕಂಪ್ಯೂಟರ್ ಯಾವ ಸ್ವಿಚ್ಚಿಗೆ ಆನ್ ಆಗುತ್ತದೆ ಎನ್ನುವುದೂ ಅವರಿಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಕೇಬಲ್‌ನವನೇ ಬಂದ. ವೈರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ವೈರಸ್ ಬಂದದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು" ಎಂದ. ಕಂಪ್ಯೂಟರಿನಲ್ಲಿ ಒಂದಿಡೀ ಪ್ರಬಂಧ ಇದೆ, ಮೊದಲು ಸಿಡಿಗೆ ಹಾಕಿಕೊಳ್ಳುತ್ತೇನೆ ಎಂದೆ. ಅವನು ನನ್ನ ಗಂಡನ ಮುಖ ನೋಡಿದ.

"ಅವ್ರಿಗೆ ಗೊತ್ತಿರುತ್ತೆ ಬಿಡು. ನೀನು ಕಾಫಿ ತಗೊಂಡ್ ಬಾ" ಎಂದರು ಇವರು.

ಆ ಮನುಷ್ಯನಿಗೇ ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಎಲ್ಲ ಅಳಿಸಿ ಹೋಗಿತ್ತು. ಮಾರನೆಯ ಬೆಳಿಗ್ಗೆ ದೀಪ ಮತ್ತೆ ಮಿಣುಕುತ್ತಿತ್ತು. ಹದಿನೈದು ದಿನ ಹಲ್ಲು ಕಚ್ಚಿಕೊಂಡು ಅದೇ ಪ್ರಬಂಧವನ್ನು ಮೊದಲಿನಿಂದ ಟೈಪ್ ಮಾಡಿದೆ. ಮಣಿಕಟ್ಟು ಊದಿಕೊಂಡಿತು.

ಕುಣಿಗಲ್‌ನಲ್ಲಿ ನಮ್ಮಣ್ಣ ಟಿವಿ ರಿಪೇರಿ ಅಂಗಡಿ ಇಟ್ಟಿದ್ದ. ಅವನಿಗೆ ಫೋನ್ ಮಾಡಿ ಹೇಳಿಕೊಂಡೆ.

"ಲೇ, ಕಂಪ್ಯೂಟರ್ ಬುಡು" ಎಂದ. "ದೀಪ ಮಿಣುಕ್ತಾ ಅದೆ ಅಂದ್ರೆ ಸಿಗ್ನಲ್ಲೇ ಡಬ್ಬಿ ತನಕ ಸರಿಯಾಗಿ ಬರ್ತಿಲ್ಲ ಕಣೇ. ವೈರ್ ಹಿಡ್ಕೊಂಡ್ ಹೋಗು. ಎಲ್ಲೆಲ್ಲಿ ಜಾಯಿಂಟ್ ಅದೆ ನೋಡು."

ಸೆರಗು ಸಿಕ್ಕಿಸಿಕೊಂಡು ಟೆರೇಸ್ ಹತ್ತಿದೆ. ನೀರಿನ ಟ್ಯಾಂಕಿನ ಹಿಂದೆ ವೈರಿಗೆ ದಪ್ಪನೆ ಟೇಪ್ ಸುತ್ತಿದ್ದರು. ಬಿಚ್ಚಿದೆ. ಒಂದು ಲೈನನ್ನು ಎರಡು ಮಾಡುವ ಜಾಯಿಂಟು, ತುಕ್ಕು ಹಿಡಿದು ಕೆಂಪಗಾಗಿತ್ತು, ಒಳಗಿನಿಂದ ನೀರು ತೊಟ್ಟಿಕ್ಕಿತು. ಒಂದು ವೈರು ನಮ್ಮ ಮನೆಗೆ. ಇನ್ನೊಂದು ಮಹಡಿಯ ಮೇಲೆ ಹೊಸದಾಗಿ ಬಂದವರ ಟಿವಿಗೆ. ಆ ಮನೆಯಾಕೆಯನ್ನು ಕೇಳಿದೆ. "ಕೇಬಲ್‌ನವ್ರೇ ಹಾಕ್ಕೊಟ್ಟಿದ್ದು, ನಮ್ಗೇನ್ ಗೊತ್ತಮ್ಮ" ಎಂದರು. ಪಾಪ, ಅವರ ತಪ್ಪಲ್ಲ.

ನನಗೆ ಮೈಯೆಲ್ಲ ಉರಿಯಿತು. ಈ ಕೇಬಲ್‌ನವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಮನೆಯಲ್ಲಿ ಕೂತು, ನಾನು ಮಾಡಿದ ಕಾಫಿ ಕುಡಿದು, ನನ್ನ ಕೆಲಸವನ್ನು ಅಳಿಸಿಹಾಕಿ ಹೋಗಿದ್ದ. ಫೋನ್ ಮಾಡಿ, "ಸಾರ್ ಮನೇಲಿಲ್ಲ, ನಾನೇ ಇರೋದು. ಈಗ್ಲೇ ಬನ್ನಿ" ಎಂದೆ.

ಬಂದವನು ಟೆರೇಸಿನಲ್ಲಿ ನನ್ನ ಕೈಯಲ್ಲಿದ್ದ ಟೇಪನ್ನು ನೋಡಿದ. "ಅದನ್ನೆಲ್ಲ ಯಾಕೆ ಮುಟ್ಟಕ್ ಹೋದ್ರಿ ಮೇಡಂ? ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು."

"ನನ್ನ ಲೈನ್ ಒಡೆದು ಮೇಲಿನವ್ರಿಗೆ ಕೊಟ್ಟು, ವೈರಸ್ ಅಂತ ಸುಳ್ಳು ಹೇಳಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ನನ್ನ ದನಿ ಬೀದಿಗೆ ಕೇಳಿಸಿರಬೇಕು, ಎದುರು ಮನೆಯವರು ಹೊರಗೆ ಬಂದು ನಿಂತರು. ಅವನು ತಲೆ ತಗ್ಗಿಸಿದ. ಕಂಬದಿಂದ ನಮಗೇ ಬೇರೆ ವೈರು ಎಳೆಸುವವರೆಗೆ ನಾನು ಬಿಸಿಲಿನಿಂದ ಕದಲಲಿಲ್ಲ. ಕೆಳಗೆ ಬಂದು ನೋಡಿದರೆ ದೀಪ ಅಲ್ಲಾಡದೆ ಉರಿಯುತ್ತಿತ್ತು.

ಸಂಜೆ ಗಂಡನಿಗೆ ಹೇಳಿದೆ. "ಸರಿಹೋಯ್ತಲ್ಲ, ಇನ್ನೂ ಯಾಕೆ ಮುಖ ಗಂಟು?" ಎಂದರು. ಎರಡು ದಿನ ನಾನು ಮಾತಾಡಲಿಲ್ಲ. ಮೂರನೆಯ ದಿನ ತಾವಾಗಿಯೇ, "ಫಾರ್ಮ್ಯಾಟ್ ಅಂದ್ರೆ ಎಲ್ಲಾ ಹೋಗುತ್ತೆ ಅಂತ ನಂಗೊತ್ತಿರ್ಲಿಲ್ಲ ಕಣೇ" ಎಂದರು.

"ನನ್ನ ಕೇಳ್ಬಹುದಿತ್ತಲ್ಲ ರೀ. ಪಕ್ಕದಲ್ಲೇ ನಿಂತಿದ್ದೆ."

ಆ ಸಿಟ್ಟು ನನ್ನಲ್ಲಿ ಬಹಳ ದಿನ ಉಳಿಯಿತು.