ಹಡಗಿನಿಂದ ಹೊತ್ತು ತಂದ ಅಪವಾದವನ್ನು ಮಾದಪ್ಪ ಇಳಿಸಿದ್ದು

ಮಾದಪ್ಪನ ಪಾದ ನಂಬಿದ ಎಲ್ಲರಿಗೂ ಗುಂಡ್ಲುಪೇಟೆಯ ಮಂಗಳಮ್ಮನ ಶರಣು. ನಾನು ಬರೆಯುವವಳಲ್ಲ, ಗೊಬ್ಬರ ಮಾರುವವಳು. ಮಾತು ಒರಟು ಅನ್ನಿಸಿದರೆ ಅದು ಅಂಗಡಿಯ ಬಾಯಿ ಎಂದು ಸಹಿಸಿಕೊಳ್ಳಿ. 2006ನೇ ಇಸವಿಯಲ್ಲಿ ನನ್ನ ಮೇಲೆ ಒಂದು ಅಪವಾದ ಬಂತು. ಹಡಗಿನಲ್ಲಿ ಕುಡಿದು ಕಾಯಿಲೆ ಬಿದ್ದವಳು ಎಂದು. ಅದು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಗೊಬ್ಬರ, ಬಿತ್ತನೆ ಬೀಜದ ಅಂಗಡಿಯನ್ನು ನಾನೇ ನಡೆಸುತ್ತಾ ಬಂದೆ. ಮಕ್ಕಳಿಲ್ಲ. ತಾಲ್ಲೂಕಿನಲ್ಲಿ ಹೆಂಗಸು ಡೀಲರ್ ಅಂದರೆ ನಾನೊಬ್ಬಳೇ. ಆ ವರ್ಷ ಈರುಳ್ಳಿ ಬೀಜ ಚೆನ್ನಾಗಿ ಮಾರಾಟವಾಗಿತ್ತು. ಬೀಜದ ಕಂಪನಿಯವರು ಡೀಲರುಗಳನ್ನೆಲ್ಲ ಹಡಗಿನ ಪ್ರವಾಸಕ್ಕೆ ಕರೆದರು. ಕೊಚ್ಚಿಯಲ್ಲಿ ಹತ್ತಿ, ಗೋವಾ ನೋಡಿ, ಮತ್ತೆ ಕೊಚ್ಚಿಗೆ ಬಂದು ಇಳಿಯುವುದು. ಖರ್ಚು ಅರ್ಧ ಅವರದು, ಅರ್ಧ ನಮ್ಮದು. ಸಮುದ್ರವನ್ನೇ ನೋಡದವಳು ನಾನು, ಹೋಗಲೋ ಬೇಡವೋ ಎಂದು ಹೊಯ್ದಾಡುತ್ತಿದ್ದೆ. ಪಕ್ಕದ ಹಾಸಿಗೆ ಅಂಗಡಿಯ ಜುಬೇದಾ, "ಹೋಗ್ ಬನ್ನಿ ಅಕ್ಕ, ಯೂರಿಯಾ ಮೂಟೆ ಎಲ್ಲೂ ಓಡಿ ಹೋಗಲ್ಲ. ಅಂಗಡಿ ನಾನ್ ನೋಡ್ಕೋತೀನಿ" ಎಂದು ಒಪ್ಪಿಸಿದಳು.

ಹಡಗು ಹತ್ತಿದ ಮೇಲೆ ಗಂಡಸರಿಗೆ ಇಬ್ಬಿಬ್ಬರಿಗೆ ಒಂದು ಕೋಣೆ. ನನ್ನ ಜೊತೆಗೆ ಹಾಕಲು ಇನ್ನೊಂದು ಹೆಂಗಸಿಲ್ಲ. ಹಾಗಾಗಿ ಕೆಳಗಿನ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬಳೇ ಇದ್ದೆ. ಎರಡನೇ ದಿನ ಸಂಜೆ ಮೇಲಿನ ಮಹಡಿಯಲ್ಲಿ ನಮ್ಮ ಡೀಲರುಗಳಿಗೆ ಪಾರ್ಟಿ ಇಟ್ಟಿದ್ದರು. ಅದು ಎಂಥ ಪಾರ್ಟಿ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಊಟದ ಹಾಲ್‌ನಲ್ಲಿ ಒಂದಿಷ್ಟು ಮೊಸರನ್ನ ತಿಂದು, ಒಂದು ಲೋಟ ಮಜ್ಜಿಗೆ ಕುಡಿದು ಕೋಣೆಗೆ ಬಂದೆ. ಮಜ್ಜಿಗೆ ವಾಸನೆ ಹೊಡೆಯುತ್ತಿತ್ತು. ಹಡಗಿನ ಮಜ್ಜಿಗೆ ಹೀಗೇ ಇರುತ್ತದೇನೋ ಎಂದುಕೊಂಡು ಕುಡಿದುಬಿಟ್ಟಿದ್ದೆ. ಅಷ್ಟು ಬಗೆ ತಿಂಡಿ ಇದ್ದ ಜಾಗದಲ್ಲಿ ಮಜ್ಜಿಗೆ ಕೇಳಿದವಳು ನಾನೊಬ್ಬಳೇ ಇರಬೇಕು.

ಸ್ವಲ್ಪ ಹೊತ್ತಿಗೇ ವಾಂತಿ ಶುರುವಾಯಿತು, ಆಮೇಲೆ ಭೇದಿ. ಗಂಟೆ ಒತ್ತಿದ ಮೇಲೆ ಹಡಗಿನ ಡಾಕ್ಟರು ಒಂದು ಸಲ ಬಂದು, ಮಾತ್ರೆ ಕೊಟ್ಟು, ಏನೋ ಬರೆದುಕೊಂಡು ಹೋದರು. ಮತ್ತೆ ಬರಲಿಲ್ಲ. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಹೊರಗೆ ಓಡಾಡುವವರ ಚಪ್ಪಲಿ ಸದ್ದು ಕೇಳುತ್ತಿತ್ತು, ಬಾಗಿಲು ತಟ್ಟುವವರು ಒಬ್ಬರಿಲ್ಲ. ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇಲ್ಲಿ ಸತ್ತರೆ ನನ್ನನ್ನು ಯಾವ ಊರಿನವಳು ಎಂದು ಹೇಳುವವರು ಯಾರು ಎಂದು ಯೋಚಿಸುತ್ತಾ ಬಿದ್ದಿದ್ದೆ. ಕೊಚ್ಚಿ ತಲುಪಿದಾಗ ನನ್ನನ್ನು ಎತ್ತಿಕೊಂಡು ಇಳಿಸಿದರಂತೆ.

ಡೀಲರುಗಳಿಗೆ ಊರಿನ ಬಸ್ಸು ಕಾಯುತ್ತಿತ್ತು, ಹೊರಟುಹೋದರು. ಕಂಪನಿಯ ನೌಕರರೊಬ್ಬರು ಆಸ್ಪತ್ರೆಗೆ ಸೇರಿಸಿ ಅವರೂ ಹೋದರು. ಭಾಷೆ ಬಾರದ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಕಡೆಯ ಹೆಂಗಸು ಕೊಟ್ಟ ಗಂಜಿ ಕುಡಿದೆ. ದೇಹದ ನೀರೆಲ್ಲ ಹೋಗಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ ಎಂದರು. ಜುಬೇದಾ ಮತ್ತು ಅವಳ ಗಂಡ ಬಂದು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವವರೆಗೆ ನನ್ನವರು ಅನ್ನುವವರ ಮುಖ ಕಾಣಲಿಲ್ಲ. ಒಂದು ಮೂಟೆ ಎತ್ತಿ ಇಡುತ್ತಿದ್ದವಳು ಒಂದು ಕೊಡ ನೀರು ಎತ್ತಲಾರದಂತೆ ಆಗಿ ಮನೆಗೆ ಬಂದೆ.

ಆಸ್ಪತ್ರೆ ಖರ್ಚು ಕೊಡಿ ಎಂದು ಹಡಗಿನವರಿಗೆ ಬರೆಸಿದೆ. ಪಾರ್ಟಿಯಲ್ಲಿ ಅತಿಯಾಗಿ ಮದ್ಯ ಸೇವಿಸಿದ್ದರಿಂದ ಈಕೆಗೆ ಹೀಗಾಯಿತು, ನಮ್ಮ ಡಾಕ್ಟರು ಹಾಗೆಂದೇ ಬರೆದಿದ್ದಾರೆ ಎಂದು ಉತ್ತರ ಬಂತು. ಅದರ ಪ್ರತಿ ಬೀಜದ ಕಂಪನಿಗೂ ಹೋಯಿತು. ಕಂಪನಿಗೆ ಹೋದ ಮೇಲೆ ತಾಲ್ಲೂಕಿಗೆ ಬರಲು ಎಷ್ಟು ಹೊತ್ತು.

ಸೋಮವಾರದ ಭಜನೆಗೆ ನಮ್ಮೂರ ಮಾದಪ್ಪನ ಗುಡಿಯಲ್ಲಿ ಪ್ರಸಾದದ ಅನ್ನ ಮಾಡುವವಳು ನಾನು. ಪಾತ್ರೆ ಮುಟ್ಟಬೇಡ ಎಂದು ಯಾರೂ ಹೇಳಲಿಲ್ಲ. ನಾನು ಹೋಗುವ ಹೊತ್ತಿಗೆ ಅನ್ನ ಬೆಂದಿರುತ್ತಿತ್ತು, ಅಷ್ಟೇ. ನಾನು ಕುಡಿದದ್ದು ಮಜ್ಜಿಗೆ ಎಂದು ಹೇಳಿದೆ. "ಈಚಲು ಮರದ ಕೆಳ್ಗೆ ಕೂತು ಮಜ್ಗೆ ಕುಡ್ದೆ ಅಂದ್ರೆ ಯಾರವ್ವ ನಂಬ್ತಾರೆ" ಎಂದಳು ಒಬ್ಬಳು. ನಕ್ಕವರು ನಕ್ಕರು, ಉಳಿದವರು ಸೆರಗು ಸರಿಮಾಡಿಕೊಂಡು ಜರುಗಿ ಕೂತರು. ಇನ್ನೊಂದು ವಾರ ನೋಡಿ ಭಜನೆಗೆ ಹೋಗುವುದನ್ನು ಬಿಟ್ಟೆ. ಮನೆಯಲ್ಲಿ ದೀಪ ಹಚ್ಚಿ ಒಬ್ಬಳೇ ಹಾಡಿದರೆ ಅದು ಭಜನೆ ಆಗುವುದಿಲ್ಲ, ಅಳು ಬರುತ್ತದೆ.

ನನಗೂ ಹಟ ಬಂತು. ಚಾಮರಾಜನಗರದಲ್ಲಿ ಗ್ರಾಹಕರ ವೇದಿಕೆಗೆ ದೂರು ಹಾಕಿಸಿದೆ. ವಯಸ್ಸಾದ ವಕೀಲರೊಬ್ಬರು ನನ್ನ ಪರವಾಗಿ ನಿಂತರು. ಅವರು ಮೊದಲೇ ಹೇಳಿದರು: "ಮಂಗಳಮ್ಮ, ಕುಡಿದಿಲ್ಲ ಅಂತ ನೀವೊಬ್ರೇ ಹೇಳಿದ್ರೆ ಸಾಲ್ದು. ಆ ಪಾರ್ಟೀಲಿ ಇದ್ದೋರೊಬ್ರು ಬಂದು, ಈಯಮ್ಮ ಅಲ್ಲಿರ್ಲಿಲ್ಲ ಅಂತ ಹೇಳ್ಬೇಕು."

ಅಷ್ಟೇ ತಾನೆ ಎಂದುಕೊಂಡೆ. ದಿನಾ ಮುಖ ನೋಡುವ ಡೀಲರುಗಳ ಅಂಗಡಿ ಮೆಟ್ಟಿಲು ಹತ್ತಿದೆ. ಒಬ್ಬರು, "ನಾನು ಆವತ್ತು ಬಿರ್ನೆ ಮಲಿಕ್ಕಬುಟ್ಟಿದ್ದೆ ಕಣಕ್ಕ" ಎಂದರು. ಇನ್ನೊಬ್ಬರಿಗೆ ತಲೆನೋವಿತ್ತಂತೆ. ಮತ್ತೊಬ್ಬರು ಸಮುದ್ರ ನೋಡುತ್ತಾ ನಿಂತಿದ್ದರಂತೆ. ಅವರ ಮಾತು ನಂಬಿದರೆ ಆ ಪಾರ್ಟಿಯಲ್ಲಿ ಬರೀ ಬಾಟಲಿಗಳೇ ಇದ್ದವು. ಒಂದು ಅಂಗಡಿಯಲ್ಲಿ ಹೆಂಡತಿ ಎದುರಿಗೇ ಕೂತಿದ್ದಳು, ಆತ ಕಣ್ಣಲ್ಲೇ ಕೈಮುಗಿದ. ಆಗ ನನಗೆ ಅರ್ಥವಾಯಿತು. ಎಲ್ಲರೂ ಮನೆಗೆ ಬಂದು ಹನಿಯೂ ಮುಟ್ಟಲಿಲ್ಲ ಎಂದು ಲಿಂಗ ಹಿಡಿದು ಹೇಳಿದ್ದಾರೆ. ನಾನು ಅಲ್ಲಿರಲಿಲ್ಲ ಎನ್ನಬೇಕಾದರೆ ತಾವು ಅಲ್ಲಿದ್ದೆವು ಎನ್ನಬೇಕು. ಅವರವರ ಮಾನ ಉಳಿಸಿಕೊಳ್ಳಲು ನನ್ನದನ್ನು ಬಿಟ್ಟುಕೊಟ್ಟರು.

ತೆರಕಣಾಂಬಿಯ ಗುರುಮಲ್ಲಪ್ಪನವರನ್ನು ಮಾತ್ರ ನಾನು ಕೇಳಲೇ ಇಲ್ಲ. ಅವರೂ ಡೀಲರ್, ಪ್ರವಾಸಕ್ಕೆ ಬಂದಿದ್ದರು. ಆದರೆ ಹಣೆ ತುಂಬ ವಿಭೂತಿ ಧರಿಸುವವರು, ಪ್ರತಿ ಶಿವರಾತ್ರಿಗೆ ಜನ ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಡಿಸುವವರು. ಅಂಥವರು ಆ ಮಹಡಿ ಹತ್ತಿರಲು ಸಾಧ್ಯವೇ ಇಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೆ.

ವಾಯಿದೆ ಮೇಲೆ ವಾಯಿದೆ ಬಿತ್ತು. ಪ್ರತಿ ಸಲ ಬುತ್ತಿ ಕಟ್ಟಿಕೊಂಡು ಗುಂಡ್ಲುಪೇಟೆಯಿಂದ ಬಸ್ಸು ಹತ್ತುವುದು, ವೇದಿಕೆಯ ಬೆಂಚಿನ ಮೇಲೆ ಕೂರುವುದು, ಮುಂದಿನ ತಾರೀಖು ಬರೆಸಿಕೊಂಡು ಬರುವುದು. ನಮ್ಮ ಊರಿನ ಹೆಂಗಸರು ಬಸ್ಸಿಗೆ ಹತ್ತಿದರೆ ನನ್ನ ಪಕ್ಕ ಖಾಲಿ ಇದ್ದರೂ ನಿಂತೇ ಬರುತ್ತಿದ್ದರು. ಯಜಮಾನರು ಹೋದಾಗಲೂ ನನಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಆಗ ಅಳಲು ಜೊತೆಗೆ ಜನ ಇದ್ದರು. ಕೊನೆಗೆ ವಕೀಲರು, ಈ ಸಲವೂ ಸಾಕ್ಷಿ ಬರದಿದ್ದರೆ ದೂರು ಬಿದ್ದುಹೋಗುತ್ತದೆ ಎಂದರು. ಜುಬೇದಾ, "ಬಿಟ್ಬಿಡಿ ಅಕ್ಕ, ಆ ಮೇಲಿನವ್ನಿಗೆ ಗೊತ್ತಲ್ವ" ಎಂದಳು. ಮೇಲಿನವನಿಗೆ ಗೊತ್ತಿದ್ದು ಏನು ಬಂತು, ಕೆಳಗಿನವರಿಗೆ ಗೊತ್ತಾಗಬೇಕಲ್ಲ ಎಂದು ಅವಳ ಮೇಲೇ ರೇಗಿದೆ.

ಆ ವಾಯಿದೆಗೆ ಹಿಂದಿನ ಸೋಮವಾರ ಕೊಳ್ಳೇಗಾಲದ ಮೇಲೆ ಬಸ್ಸು ಬದಲಾಯಿಸಿಕೊಂಡು ಬೆಟ್ಟಕ್ಕೆ ಹೋದೆ. ನಿಜ ಹೇಳುತ್ತೇನೆ, ಭಕ್ತಿಯಿಂದ ಹೋದದ್ದಲ್ಲ. ಆ ಗಂಡಸರ ಹೆಸರು ಹಿಡಿದು, ಮಾದಪ್ಪನ ಮುಂದೆ ಮಣ್ಣು ತೂರಿ, ನಿಮ್ಮ ಮನೆ ಹಾಳಾಗಲಿ ಎಂದು ಶಾಪ ಹಾಕಿ ಬರಲು ಹೋದೆ. ಗುಡಿಯ ಸುತ್ತ ಒಂದಷ್ಟು ಜನ ರಜ ಹೊಡೆಯುತ್ತಿದ್ದರು. ಹರಕೆ ಹೊತ್ತವರು ಪೊರಕೆ ಹಿಡಿದು ಕಸ ಗುಡಿಸುವ ಸೇವೆ ಅದು. ಬಗ್ಗಿ ಮಣ್ಣು ತೆಗೆದುಕೊಂಡೆ. ಮೊದಲನೆಯ ಹೆಸರು ಬಾಯಿಗೆ ಬಂತು. ಅದರ ಹಿಂದೆಯೇ ಅವನ ಹೆಂಡತಿಯ ಮುಖ ಕಣ್ಣಿಗೆ ಬಂತು. ಹಾಳಾಗುವುದು ಅವಳ ಮನೆಯೂ ಅಲ್ಲವೇ. ಕೈ ಏಳಲಿಲ್ಲ. ಮಣ್ಣು ಅಲ್ಲೇ ಬಿಟ್ಟು, ಗೋಡೆಗೆ ಒರಗಿಸಿದ್ದ ಒಂದು ಪೊರಕೆ ತೆಗೆದುಕೊಂಡು ಗುಡಿಸಲು ನಿಂತೆ. ಶಕ್ತಿ ಇರಲಿಲ್ಲ, ಎರಡು ಮಾರು ಗುಡಿಸಿ ಒಂದು ಕಡೆ ಕೂರುವುದು, ಮತ್ತೆ ಏಳುವುದು. "ಮಾದಪ್ಪ, ದುಡ್ಡು ಬೇಡ, ಅವರಿಗೆ ಕೇಡೂ ಬೇಡ. ಇವಳು ಹೇಳುವುದು ನಿಜ ಅನ್ನುವ ಒಬ್ಬರನ್ನು ಕೊಡು. ಒಬ್ಬರು ಸಾಕು" ಎಂದು ಕೇಳಿಕೊಂಡೆ. ಅಲ್ಲಿಂದ ಬಂದ ಮೇಲೂ ಯಾರೂ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ವಾಯಿದೆಯ ದಿನ ಸಾಕ್ಷಿ ಇಲ್ಲ ಎಂದು ಹೇಳಲು ವಕೀಲರು ಏಳುತ್ತಿದ್ದರು. ಬಾಗಿಲ ಬಳಿ ಬಿಳಿ ಪಂಚೆ, ಬಿಳಿ ಅಂಗಿಯವರೊಬ್ಬರು ಬಂದು ನಿಂತು ಅವರನ್ನು ಸನ್ನೆ ಮಾಡಿ ಕರೆದರು. ನೋಡಿದರೆ ಗುರುಮಲ್ಲಪ್ಪನವರು. ಹಣೆಯಲ್ಲಿ ವಿಭೂತಿ ಇರಲಿಲ್ಲ, ಮೊದಲು ಗುರುತೇ ಸಿಗಲಿಲ್ಲ. ಅನುಮತಿ ಪಡೆದು ವಕೀಲರು ಅವರನ್ನು ಮುಂದೆ ನಿಲ್ಲಿಸಿದರು.

"ಆವತ್ತು ಆ ಪಾರ್ಟೀಲಿ ನಾನಿದ್ದೆ ಸ್ವಾಮಿ. ಕುಡ್ದಿದ್ದೆ. ಈಯಮ್ಮ ಅಲ್ಲಿರ್ನಿಲ್ಲ" ಎಂದರು.

ಹಡಗಿನವರ ವಕೀಲರು ಎದ್ದು ನಿಂತು, ಅಷ್ಟು ಜನರ ನಡುವೆ, ಅದೂ ಕುಡಿದವರಿಗೆ, ಯಾರಿದ್ದರು ಯಾರಿಲ್ಲ ಎಂದು ಹೇಗೆ ನೆನಪಿರುತ್ತದೆ ಎಂದು ಕೇಳಿದರು. ಆ ಪ್ರಶ್ನೆಗೆ ಅಲ್ಲಿದ್ದ ಒಂದಿಬ್ಬರು ನಕ್ಕರು. ಗುರುಮಲ್ಲಪ್ಪನವರು ನಗಲಿಲ್ಲ.

"ಭಯ ಸ್ವಾಮಿ. ನಮ್ ಕಡೆ ಹೆಂಗ್ಸು ಅಂತ ಹಡಗ್ನಲ್ಲಿದ್ದುದ್ದು ಈಯಮ್ಮ ಒಬ್ರೇಯ. ಇವ್ರು ಬಂದು ನನ್ನ ನೋಡ್ಬುಟ್ರೆ ಊರಲ್ಲಿ ಮಾನ ಓಯ್ತದಲ್ಲ ಅಂತ, ಬಾಗ್ಲು ಕಡೆಗೇ ಮೊಕ ಮಾಡ್ಕಂಡು ಕೂತು ಕುಡ್ದೆ. ಸುರುವಿಂದ ಮುಗಿಯಗಂಟ ಬಾಗ್ಲು ಕಾದಿವ್ನಿ. ಇವ್ರು ಬರ್ನಿಲ್ಲ."

ವೇದಿಕೆಯ ಅಧ್ಯಕ್ಷರು ತಲೆ ಬಗ್ಗಿಸಿ ಬರೆದುಕೊಂಡರು. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ಕೆಲವು ತಿಂಗಳ ಮೇಲೆ ತೀರ್ಪು ಬಂತು. ಮದ್ಯ ಸೇವಿಸಿದ್ದರು ಎಂಬ ಮಾತಿಗೆ ಆಧಾರವಿಲ್ಲ, ಹಡಗಿನವರು ಊಟದಲ್ಲೂ ಆರೈಕೆಯಲ್ಲೂ ತಪ್ಪು ಮಾಡಿದ್ದಾರೆ, ಪರಿಹಾರ ಕೊಡತಕ್ಕದ್ದು ಎಂದು. ದುಡ್ಡು ಆಸ್ಪತ್ರೆಯ ಖರ್ಚಿಗೆ ಸರಿಹೋಯಿತು. ಭಜನೆಯ ಹೆಂಗಸರು ಮನೆಗೆ ಬಂದು ಕರೆದರು, ಬಿಗುಮಾನ ಮಾಡದೆ ಹೋದೆ. ಆದರೆ ನಾನು ಹೇಳಬೇಕೆಂದಿರುವುದು ಸಾಕ್ಷಿ ನುಡಿದ ಆ ದಿನದ ಸಂಜೆಯ ಮಾತು.

ಇಬ್ಬರೂ ಒಂದೇ ಬಸ್ಸಿನಲ್ಲಿ ವಾಪಸು ಹೊರಟೆವು. ಯಾಕೆ ಬಂದಿರಿ ಎಂದು ಕೇಳಿದೆ. "ನಂಗೇ ಗೊತ್ತಿಲ್ಲ ಕಣವ್ವ. ಓದ್ ಸೋಮವಾರ ಪೂಜೆಗೆ ಕೂತು ಈಬೂತಿ ಇಟ್ಕಳವ ಅಂತ ಕೈ ಎತ್ತುದ್ರೆ ಕೈ ಮ್ಯಾಕೆ ಬರ್ನಿಲ್ಲ. ಆವತ್ತಿಂದ ಇಟ್ಕಂಡಿಲ್ಲ" ಎಂದರು. ನಾನು ಬೆಟ್ಟದಲ್ಲಿ ಪೊರಕೆ ಹಿಡಿದು ನಿಂತದ್ದು ಆ ಸೋಮವಾರವೇ. ವಯಸ್ಸಾದವರ ಕೈ ಹಿಡಿದುಕೊಂಡಿರಬಹುದು ಎನ್ನುವವರು ಹಾಗೇ ಎನ್ನಲಿ. ನಾನು ಮಾದಪ್ಪ ಎನ್ನುತ್ತೇನೆ.

ತೆರಕಣಾಂಬಿ ಬಂತು. "ಈಗ ಮನೇಲಿ ಯೋಳ್ಬೇಕು" ಎಂದು ಹೇಳಿ ಇಳಿದರು. ಇಳಿದವರು ಊರಿನ ಕಡೆ ಹೆಜ್ಜೆ ಹಾಕಲಿಲ್ಲ, ಅಲ್ಲೇ ನಿಂತುಬಿಟ್ಟರು. ಅವರು ಹಾಗೆ ನಿಂತದ್ದು ಯಾಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕಂಡಕ್ಟರ್ ಸೀಟಿ ಊದಿದ್ದ, ಬಸ್ಸು ನಿಲ್ಲಿಸಿ ಅಂದು ನಾನೂ ಇಳಿದೆ. "ನಡೀರಿ ಅಣ್ಣ, ಹೋಗನ" ಎಂದೆ.

ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಗುರುಮಲ್ಲಪ್ಪನವರು ಮೆಟ್ಟಿಲ ಕೆಳಗೇ ನಿಂತರು. ನಾನೇ ಹೇಳಿದೆ. ನಿಮ್ಮ ಯಜಮಾನರು ಇವತ್ತು ತಮ್ಮ ಮಾನ ಕೊಟ್ಟು ನನ್ನ ಮಾನ ಉಳಿಸಿದರು ಅಕ್ಕ ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ. ಆಯಮ್ಮ ಗಂಡನನ್ನು ಒಂದು ಸಲ ನೋಡಿದರು, ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎರಡು ತಟ್ಟೆ ಇಟ್ಟು ಕರೆದರು. "ನೀನು ಉಂಡ್ಬುಟ್ಟು ಓಗವ್ವ. ಮಿಕ್ಕುದ್ದ ನಾನ್ ನೋಡ್ಕತೀನಿ" ಎಂದರು.

ಆ ಶಿವರಾತ್ರಿಗೆ ಪಾದಯಾತ್ರೆಯ ಮುಂದಾಳ್ತನ ಬೇರೆಯವರಿಗೆ ಹೋಯಿತು. ಗುರುಮಲ್ಲಪ್ಪನವರು ಎಲ್ಲರಿಗಿಂತ ಹಿಂದೆ ನಡೆದರು, ಜೊತೆಗೆ ನಾನೂ ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ನಡೆದೆ. ಅವರ ಹೆಂಡತಿ ಮುಂದಿನ ಗುಂಪಿನಲ್ಲಿದ್ದರು, ದಾರಿಯುದ್ದಕ್ಕೂ ಹಿಂತಿರುಗಿ ನೋಡಲಿಲ್ಲ. ತಾಳಬೆಟ್ಟದಲ್ಲಿ, ಹತ್ತುವ ದಾರಿ ಶುರುವಾಗುವ ಕಡೆ, ಗುಂಪು ಮುಂದೆ ಹೋಗಿತ್ತು. ಆಯಮ್ಮ ಒಬ್ಬರೇ ನೀರಿನ ಚೊಂಬು ಹಿಡಿದುಕೊಂಡು ನಿಂತಿದ್ದರು, ಗಂಡ ಬರಲಿ ಎಂದು. ಇದನ್ನೆಲ್ಲ ಬರೆಯಬಹುದೇ ಎಂದು ಮೊನ್ನೆ ಇಬ್ಬರನ್ನೂ ಕೇಳಿಯೇ ಬರೆದಿದ್ದೇನೆ.

ಉಘೇ ಮಾದಪ್ಪ. ನಾನು ಕೇಳಿದ್ದು ಒಬ್ಬರನ್ನು, ನೀನು ಕೊಟ್ಟೆ. ಇನ್ನು ನನಗಾಗಿ ಏನೂ ಕೇಳುವುದಿಲ್ಲ. ನಿನ್ನ ಬೆಟ್ಟದ ದಾರಿಯಲ್ಲಿ ಹಿಂದೆ ಬಿದ್ದವರು ಯಾರೇ ಇರಲಿ, ಅವರಿಗಾಗಿ ಒಬ್ಬರು ನಿಂತು ಕಾಯುವ ಹಾಗೆ ಮಾಡು.