ಚಂದಮ್ಮತ್ತೆಯ ಮುಖ

ಯಾದಗಿರಿಯ ಪ್ರೆಸ್ಸಿನಿಂದ ಬಂದ ಲಕೋಟೆ ಒಡೆದೆ. ಹಸಿ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ಶಹಾಪುರದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣೆದುರು ಬಂತು. ಲಕೋಟೆಯಲ್ಲಿ ಸೋದರತ್ತೆ ಚಂದಮ್ಮನ ಹಾಡುಗಳ ಸಿ.ಡಿ.ಗೆ ಎರಡು ಹೊದಿಕೆಗಳ ಮಾದರಿಗಳಿದ್ದವು. ಒಂದು ಬರೀ ಅವಳ ಹೆಸರಿನ ಅಕ್ಷರಗಳದ್ದು. ಇನ್ನೊಂದು ಪುಸ್ತಕದ ಹಾಗೆ ತೆರೆಯುವಂಥದ್ದು. ಅದರ ಮುಂಭಾಗದಲ್ಲಿ ಅವಳ ಮುಖಕ್ಕೆಂದು ಖಾಲಿ ಚೌಕ ಬಿಟ್ಟಿದ್ದರು.

ಅಪ್ಪನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ಅಂಗಡಿಯಿತ್ತು. ಅಪ್ಪನ ಅಕ್ಕ ಚಂದಮ್ಮ, ಗಂಡ ತೀರಿಕೊಂಡ ಮೇಲೆ, ಅವನ ಊರು ಸಗರದಿಂದ ತವರಿಗೆ ಬಂದು ನಮ್ಮ ಜೊತೆಗೇ ಇದ್ದಳು. ಜೋಳ ಹಸನು ಮಾಡುತ್ತ ಅವಳು ಗುನುಗುತ್ತಿದ್ದ ಬೀಸುವ ಪದಗಳು ಮನೆಯ ತುಂಬ ಹಿಟ್ಟಿನ ಹಾಗೆ ಹರಡಿಕೊಳ್ಳುತ್ತಿದ್ದವು. ಒಂದು ಬೇಸಿಗೆಯಲ್ಲಿ ಅಪ್ಪ ಒಳಕೋಣೆಯ ಗೋಡೆಗಳಿಗೆ ಕೌದಿ ಇಳಿಬಿಟ್ಟು, ಫ್ಯಾನು ನಿಲ್ಲಿಸಿ, ಆ ಪದಗಳನ್ನು ರೆಕಾರ್ಡು ಮಾಡಿದ. ಆಮೇಲೆ ಅತ್ತೆ ತಲೆತುಂಬ ಸೆರಗು ಹೊದ್ದು ಸ್ಟುಡಿಯೋಕ್ಕೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಫೋಟೋ ತೆಗೆಸಿಕೊಂಡಳು. ಕ್ಯಾಸೆಟ್ಟಿನ ಕಾರ್ಡಿಗೆ ಆಗಲೂ ಎರಡು ನಮೂನೆ ಬಂದಿದ್ದವು: ಒಂದರಲ್ಲಿ ಅವಳ ಮುಖ, ಇನ್ನೊಂದರಲ್ಲಿ ನವಿಲು. ಮುಖದ್ದೇ ಇರಲಿ ಎಂದು ಮನೆಯವರೆಲ್ಲ ಒಪ್ಪಿದ್ದೆವು. ಅತ್ತೆ ಅದನ್ನು ಬೆಳಕಿಗೆ ಹಿಡಿದು, ಯಾರದೋ ಮುಖವೆಂಬಂತೆ ನೋಡುತ್ತಿದ್ದಳು.

ಸುದ್ದಿ ಸಗರಕ್ಕೆ ಮುಟ್ಟಿತು. ಅವಳ ಭಾವ, ಸತ್ತ ಗಂಡನ ಅಣ್ಣ, ಬಂದವನು ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಗಂಡ ಸತ್ತಾಕಿ ಮಾರಿ ಬಜಾರದಾಗ ತೂಗಾಕ್ತೀಯೇನು?" ಎಂದು ಅಪ್ಪನನ್ನು ಕೇಳಿದ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅತ್ತೆಯ ದನಿ ಬಂತು.

"ನವಿಲಿಂದೇ ಹಾಕ್ಸು, ತಮ್ಮ. ಅದಕ್ಕ ಯಾರೂ ಏನೂ ಅನ್ನಂಗಿಲ್ಲ."

ಭಾವ ಫೋಟೋವನ್ನೂ ಅವಳ ಮುಖದ ಕಾರ್ಡನ್ನೂ ಹರಿದು, ಚೂರುಗಳನ್ನು ಜೇಬಿಗಿಟ್ಟುಕೊಂಡು ಹೋದ. ನವಿಲಿನ ಕಾರ್ಡಿನಲ್ಲಿ ಅವಳ ಹೆಸರೂ ಬರಲಿಲ್ಲ. ಆ ಕಾರ್ಡುಗಳನ್ನು ಮಡಚಿ ಡಬ್ಬಿಗೆ ತುರುಕುವ ಕೆಲಸಕ್ಕೆ ಅತ್ತೆಯೂ ನಮ್ಮ ಜೊತೆ ಕೂತಳು. ಆದರೆ ಅಂದಿನಿಂದ ಅವಳು ಹಾಡಲಿಲ್ಲ. ಯಾರಾದರೂ ಕೇಳಿದರೆ ಗಂಟಲು ಒಣಗುತ್ತದೆ ಎನ್ನುತ್ತಿದ್ದಳು.

ಕೆಲವು ವರ್ಷಗಳಲ್ಲಿ ಆ ಗಂಟಲಲ್ಲೇ ಗಡ್ಡೆ ಬೆಳೆಯಿತು. ಕಲಬುರಗಿಯ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅವಳ ದನಿ ಹೋಗಿತ್ತು. ಪಡಸಾಲೆಯಲ್ಲಿ ಮಲಗಿ, ನೀರು ಬೇಕಾದರೆ ಬಳೆಯಿಲ್ಲದ ಕೈಯಿಂದ ಗೋಡೆ ತಟ್ಟುತ್ತಿದ್ದಳು. ಎದುರಿನ ಚಹಾದಂಗಡಿಯಲ್ಲಿ ಅವಳದೇ ಪದಗಳು ಗಟ್ಟಿಯಾಗಿ ಕೇಳುತ್ತಿದ್ದವು. ನಿಲ್ಲಿಸಿ ಬರುತ್ತೇನೆಂದು ಅವ್ವ ಎದ್ದರೆ ಅತ್ತೆ ಅವಳ ಸೆರಗು ಹಿಡಿದು ಕೂರಿಸಿದಳು. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟಳು. ಅಪ್ಪ, ಅವ್ವ, ಆ ಮನೆ, ಫೋಟೋ ತೆಗೆದ ಸ್ಟುಡಿಯೋ, ಒಂದೊಂದಾಗಿ ಎಲ್ಲವೂ ಹೋದವು.

ಈಗ ಸಿ.ಡಿ.ಯ ಮಾದರಿ ನೋಡಲು ಭೀಮರಾಯನಗುಡಿಯಿಂದ ನನ್ನ ತಮ್ಮ ಬಂದ. ಫೋಟೋ ಇಲ್ಲದಿದ್ದರೆ ಗುರುತು ಹೇಳಿ, ಚಿತ್ರ ಬರೆಸುತ್ತೇವೆ ಎಂದು ಪ್ರೆಸ್ಸಿನವರು ಹೇಳಿದ್ದರು. ಗದ್ದದ ಮೇಲೆ ಹಸಿರು ಹಚ್ಚೆಯಿತ್ತು ಎಂದೆ.

"ಗದ್ದದ ಮ್ಯಾಲಲ್ಲಕ್ಕ, ಹಣಿ ಮ್ಯಾಲಿತ್ತು," ಎಂದ ತಮ್ಮ.

ಅಲ್ಲ ಎಂದೆ ನಾನು. ಹೌದು ಎಂದ ಅವನು. ಕೊನೆಗೆ ಬರೀ ಹೆಸರಿನ ಹೊದಿಕೆಯನ್ನೇ ಆರಿಸಿ ಕಳಿಸಿದೆವು. ಆ ಮುಖವನ್ನು ಕಂಡ ಮನೆಯವರಲ್ಲಿ ಈಗ ಉಳಿದಿರುವುದು ನಾವಿಬ್ಬರೇ.