ವೆಬ್‌ಸೈಟಿಗೆ ಎಲೆ ಅಡಿಕೆ ಕೊಟ್ಟು ಕರೆದ ಮಾವ

ಗೆಳೆಯರೇ, ಇವತ್ತಿನದು ಕೇಳಿ. ಚನ್ನಪಟ್ಟಣದಲ್ಲಿ ಮರದ ಗೊಂಬೆ ಅಂಗಡಿ ಇಟ್ಟಿರುವ ನಮ್ಮ ಮಾವ, ತಮ್ಮ ಹೊಸ ವೆಬ್‌ಸೈಟಿಗೆ ಜನ ಬರುತ್ತಿಲ್ಲವೆಂದು ಕೊರಗಿ, ಮದುವೆಗೆ ಕರೆಯುವಂತೆ ನೆಂಟರ ಮನೆಮನೆಗೆ ಎಲೆ ಅಡಿಕೆ ಕೊಟ್ಟು ಬಂದಿದ್ದರು. ಇವತ್ತು ಅಂಗಡಿಗೆ ಬೀಗ ಹಾಕಿ, ಬಂದವರನ್ನೆಲ್ಲ ಸೈಬರ್ ಸೆಂಟರಿನಲ್ಲಿ ಕೂರಿಸಿ, ಒಬ್ಬೊಬ್ಬರ ಕೈಯಲ್ಲೂ ಆ ವೆಬ್‌ಸೈಟನ್ನು ತೆರೆಸುತ್ತಿದ್ದರು.

“ಮಾವ, ರೋಡಲ್ಲಿ ಕಾರು ನಿಲ್ಸಿದೋರು ಬೀಗ ನೋಡ್ಬುಟ್ಟು ಪಕ್ಕದ ಪ್ಲಾಸ್ಟಿಕ್ ಗೊಂಬೆ ಅಂಗ್ಡಿಗೆ ಹೋದ್ರು. ಹಿಂಗಾದ್ರೆ ನಮ್ ಕಸುಬು ಉಳೀತದಾ?” ಅಂದೆ.

“ಸುಮ್ಕಿರ್ಲಾ, ಇಲ್ಲಿ ನೋಡಿದೋರ ಲೆಕ್ಕ ಏರ್ತಾ ಐತೆ.”

ಕೈಲಾಂಚದಿಂದ ಬಂದಿದ್ದ ದೊಡ್ಡಪ್ಪ ಎದ್ದು ನಿಂತರು. “ನೋಡಿದ್ದಾಯ್ತು ಕಣಪ್ಪ. ಊಟಕ್ಕೆ ಎಲ್ಲಿ ಎಲೆ ಹಾಕವ್ರೆ?”

ನಮ್ಮ ಕೈಕಸುಬಿಗೆ ಬೀಗ ಹಾಕುವುದು ವಿದೇಶಿ ಬಂಡವಾಳ ಎಂದು ಕರಪತ್ರಗಳಲ್ಲಿ ಓದಿದ್ದೆ. ಬೀಗದ ಕೈ ಮಾವನ ಜೇಬಿನಲ್ಲಿತ್ತು.